ಬಿಡದ ಬಾಣ

ಬೇಟೆಯ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು ಏಳುತ್ತವೆ. ಪ್ರಾಣಿಯನ್ನು ಕೊಲ್ಲುವುದು ಪಾಪ, ಅದರಲ್ಲಿ ಚರ್ಚೆಗೆ ಎಡೆಯೇ ಇಲ್ಲ ಎನ್ನುವವರು ಒಂದು ಕಡೆ. ಮನುಷ್ಯ ಹುಟ್ಟಿದಂದಿನಿಂದ ಬೇಟೆಯಾಡಿದ್ದಾನೆ, ಅರಸರಿಗೆ ಅದು ಧರ್ಮವೆನಿಸಿತ್ತು, ಹಸಿದವನಿಗೆ ಅನ್ನವಾಗಿತ್ತು ಎನ್ನುವವರು ಇನ್ನೊಂದು ಕಡೆ. ಎರಡು ಪಕ್ಷದವರೂ ಬಲವಾಗಿ ವಾದಿಸಬಲ್ಲರು. ಶಾಸ್ತ್ರದ ಆಧಾರಕ್ಕೂ ಇಬ್ಬರಿಗೂ ಬರವಿಲ್ಲ. ಆದರೆ ಈ ವಾದದ ಗದ್ದಲದಲ್ಲಿ ಮೂರನೆಯ ಪ್ರಾಣಿಯೊಂದು ನಮ್ಮ ಕಣ್ಣು ತಪ್ಪಿಸಿ, ಕುಂಟುತ್ತ, ಪೊದೆಯೊಳಕ್ಕೆ ಹೋಗಿಬಿಡುತ್ತದೆ. ಅದು ಸತ್ತ ಜಿಂಕೆಯಲ್ಲ, ಉಳಿದುಕೊಂಡ ಜಿಂಕೆಯೂ ಅಲ್ಲ. ಬಾಣ ತಾಗಿ ಓಡಿಹೋದ ಜಿಂಕೆ. ಕೊಲ್ಲುವವನ ಲೆಕ್ಕದಲ್ಲಿ ಅದಿಲ್ಲ, ಏಕೆಂದರೆ ಅದು ಅವನ ಕೈಗೆ ಸಿಗಲಿಲ್ಲ. ಕಾಯುವವನ ಲೆಕ್ಕದಲ್ಲಿಯೂ ಇಲ್ಲ, ಏಕೆಂದರೆ ಅದು ಸತ್ತುದನ್ನು ಯಾರೂ ನೋಡಲಿಲ್ಲ. ಯಾರ ಲೆಕ್ಕಕ್ಕೂ ಸೇರದ ಈ ಜಿಂಕೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ನನ್ನ ಊರು ಚನ್ನಗಿರಿ ಸೀಮೆಯ ಕತ್ತಲಗೆರೆ. ಇಂದು ಆ ಹೆಸರು ಕೇಳಿದವರಿಗೆ ಭದ್ರಾ ನಾಲೆಯ ನೀರು, ಬತ್ತದ ಗದ್ದೆ, ಅಡಕೆಯ ತೋಟ, ಕೃಷಿ ಸಂಶೋಧನಾ ಕೇಂದ್ರ ಇವು ನೆನಪಾಗುತ್ತವೆಯೇ ಹೊರತು ಬೇಟೆಯಲ್ಲ. ಆದರೂ ಈ ಸೀಮೆಗೂ ಬೇಟೆಗೂ ಹಳೆಯ ನಂಟು. ಚನ್ನಗಿರಿಗೆ ಸಮೀಪದ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಷಹಜಿಯ ಸಮಾಧಿಯಿದೆ. 1664ರ ಜನವರಿಯಲ್ಲಿ ಬೇಟೆಗೆ ಹೋಗಿದ್ದಾಗ ಕುದುರೆಯಿಂದ ಬಿದ್ದು ಆತ ಅಲ್ಲಿ ತೀರಿಕೊಂಡ. ಬಿದ್ದ ಬೇಟೆಗಾರನ ನೆನಪಿಗೆ ಕಲ್ಲು ನಿಂತಿತು. ಅಂದು ಅವನ ಮುಂದೆ ಓಡುತ್ತಿದ್ದ ಮೃಗದ ಗತಿ ಏನಾಯಿತೆಂದು ಅಲ್ಲಿಗೆ ಹೋದವರಾರೂ ಕೇಳುವುದಿಲ್ಲ. ಇದು ಇತಿಹಾಸದ ದೋಷವಲ್ಲ, ಸ್ವಭಾವ. ಅದು ಬಾಣ ಬಿಟ್ಟವನ ಕಡೆಯಿಂದ ಬರೆಯಲ್ಪಡುತ್ತದೆ.

ನಮ್ಮೂರಿನ ಹಿರಿಯರೊಬ್ಬರು, 1972ರ ಕಾಯಿದೆ ಬರುವುದಕ್ಕೆ ಮುಂಚೆ ಉಬ್ರಾಣಿಯ ಕಡೆಯ ಕಾಡಿಗೆ ಬೇಟೆಗೆ ಹೋಗುತ್ತಿದ್ದವರು, ಮೊದಲು ಬಿಲ್ಲು, ಆಮೇಲೆ ನಾಡಕೋವಿ ಹಿಡಿದಿದ್ದವರು, ನಮ್ಮ ಹುಡುಗತನದಲ್ಲಿ ಜಗಲಿಯ ಮೇಲೆ ಕುಳಿತು ಕಥೆ ಹೇಳುತ್ತಿದ್ದರು. ಆ ಕಥೆಗಳಲ್ಲಿ ಒಂದು ವಿಶೇಷವಿತ್ತು. ಹೊಡೆದು ತಂದ ಹಂದಿಯ ಸಂಗತಿಯನ್ನು ಎರಡು ಮಾತಿನಲ್ಲಿ ಮುಗಿಸಿ, ಹೊಡೆಯದೆ ಬಿಟ್ಟ ಮೃಗಗಳ ಸಂಗತಿಯನ್ನು ಬೆಳೆಸಿ ಬೆಳೆಸಿ ಹೇಳುವರು. ‘ಎದುರಿಗೇ ನಿಂತಿತ್ತು, ಬಿಡಲಿಲ್ಲ. ಪೊದೆಯ ಮರೆಯಲ್ಲಿ ಅರ್ಧ ಮೈ ಕಾಣುತ್ತಿತ್ತು, ಬಿಡಲಿಲ್ಲ. ಹೊತ್ತು ಮುಳುಗುತ್ತಿತ್ತು, ಬಿಡಲಿಲ್ಲ.’ ಏಕೆ ಬಿಡಲಿಲ್ಲವೆಂದು ಹುಡುಗರು ಕೇಳಿದರೆ, ‘ಬಿಟ್ಟಿದ್ದರೆ ರಾತ್ರಿಯೆಲ್ಲಾ ಅದರ ಹಿಂದೆ ಹೋಗಬೇಕಾಗಿತ್ತಲ್ಲೋ’ ಎನ್ನುವರು. ಹುಡುಗರು ನಗುತ್ತಿದ್ದರು. ಆದರೆ ಆ ಮಾತಿನಲ್ಲಿ ಒಂದು ನೀತಿಶಾಸ್ತ್ರವೇ ಅಡಗಿದೆ. ಬಾಣ ಬಿಡುವವನು ಬಾಣದ ಹಿಂದೆ ಹೋಗಲು ಸಿದ್ಧನಾಗಿರಬೇಕು, ಹೋಗಲಾರದವನು ಬಿಡಲಾಗದು.

ಬಿಲ್ಲಿನ ವಿಷಯದಲ್ಲಿ ಈ ಮಾತಿಗೆ ಹೆಚ್ಚಿನ ಬೆಲೆಯುಂಟು. ಕೋವಿಯ ಗುಂಡು ತನ್ನ ವೇಗದ ಬಲದಿಂದಲೇ ದೇಹವನ್ನು ಒಡೆದು ಕೆಡಹುತ್ತದೆ. ಬಾಣದ ಕೆಲಸ ಬೇರೆ. ಅದು ಚೂರಿಯಂತೆ ಕೊಯ್ಯುತ್ತದೆ. ಪ್ರಾಣಿ ಸಾಯುವುದು ನೆತ್ತರು ಹರಿದುಹೋಗುವುದರಿಂದ. ಎರಡು ಶ್ವಾಸಕೋಶಗಳನ್ನೂ ಹಾದುಹೋದ ಬಾಣದಿಂದ ಜಿಂಕೆ ಸಾಮಾನ್ಯವಾಗಿ ನೂರು ಗಜದೊಳಗೆ, ಕೆಲವು ಕ್ಷಣಗಳಲ್ಲಿ ಬೀಳುತ್ತದೆ. ಅದೇ ಬಾಣ ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ತಾಗಿತೆಂದರೆ ಆ ಜೀವ ಗಂಟೆಗಟ್ಟಲೆ, ಕೆಲವು ವೇಳೆ ಒಂದು ಹಗಲು ಒಂದು ಇರುಳು, ಪೊದೆಯಲ್ಲಿ ಬಿದ್ದು ನವೆಯಬೇಕಾಗುತ್ತದೆ. ಕ್ಷಣದ ಸಾವಿಗೂ ದಿನದ ಸಾವಿಗೂ ನಡುವೆ ಇರುವುದು ಒಂದು ಗೇಣು.

ಆ ಗೇಣನ್ನು ಕಾಯುವ ಶಕ್ತಿ ಬಿಲ್ಲುಗಾರನ ಕೈಯಲ್ಲಿ ಪೂರ್ತಿಯಾಗಿ ಇಲ್ಲವೆಂಬುದು ಇನ್ನೂ ಕಠಿನವಾದ ಸತ್ಯ. ಸಾಧಾರಣ ಮರದ ಬಿಲ್ಲಿನಿಂದ ಹೊರಟ ಬಾಣದ ವೇಗ ಸೆಕೆಂಡಿಗೆ ಸುಮಾರು 50 ಮೀಟರು. ಸದ್ದಿನ ವೇಗ ಸುಮಾರು 340 ಮೀಟರು. 30 ಮೀಟರು ದೂರದಲ್ಲಿ ನಿಂತ ಜಿಂಕೆಗೆ ಹೆದೆಯ ಸದ್ದು ಸೆಕೆಂಡಿನ ಹತ್ತರಲ್ಲೊಂದು ಪಾಲಿನೊಳಗೆ ಕೇಳಿಸುತ್ತದೆ; ಬಾಣ ಬರುವುದಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ನಡುವಣ ಆ ಅರೆಕ್ಷಣದಲ್ಲಿ, ಬೆದರಿದ ಜಿಂಕೆ ನೆಗೆದೋಡಲೆಂದು ಕಾಲು ಮಡಿಸಿ ಮೈ ತಗ್ಗಿಸುತ್ತದೆ. ಎದೆಗೆಂದು ಹೊರಟ ಬಾಣ ಬೆನ್ನಿಗೆ ನಾಟುತ್ತದೆ. ಬಿಲ್ಲುಗಾರನ ಕಣ್ಣು ತಪ್ಪಲಿಲ್ಲ, ಕೈ ನಡುಗಲಿಲ್ಲ. ಆದರೂ ಗುರಿ ತಪ್ಪಿತು. ಅಭ್ಯಾಸದಲ್ಲಿ ಅವನು ಹೊಡೆಯುತ್ತಿದ್ದುದು ಹುಲ್ಲಿನ ಬೊಂಬೆಯನ್ನು. ಇಲ್ಲಿ ಎದುರಿಗಿದ್ದುದು ಕಿವಿಯುಳ್ಳ, ಭಯವುಳ್ಳ, ಬದುಕಬೇಕೆಂಬ ಹಟವುಳ್ಳ ಜೀವ.

ಆದುದರಿಂದಲೇ ಬಿಲ್ಲುಬೇಟೆಗೆ ಅನುಮತಿಯಿರುವ ಅಮೆರಿಕದಲ್ಲಿ ಹೊಸಬರಿಗೆ ಹೇಗೆ ಹೊಡೆಯಬೇಕೆಂಬುದರ ಜೊತೆಗೆ ಯಾವಾಗ ಹೊಡೆಯಬಾರದೆಂಬುದನ್ನೂ ಒತ್ತಿ ಕಲಿಸುತ್ತಾರೆ. ಮೃಗ ಪಕ್ಕೆ ತೋರಿಸಿ ನಿಂತಿರಬೇಕು, ಇಲ್ಲವೆ ಆಚೆಗೆ ಮುಖಮಾಡಿ ತುಸು ಓರೆಯಾಗಿ ನಿಂತಿರಬೇಕು. ಎದುರುಮುಖವಾಗಿದ್ದರೆ ಬೇಡ, ಹಿಂಭಾಗ ಕಾಣುತ್ತಿದ್ದರೆ ಬೇಡ, ಓಡುತ್ತಿದ್ದರೆ ಬೇಡ, ನಡುವೆ ರೆಂಬೆ ಅಡ್ಡವಿದ್ದರೆ ಬೇಡ. ನಮ್ಮ ಜಗಲಿಯ ಹಿರಿಯರು ಯಾವ ಪುಸ್ತಕವನ್ನೂ ಓದದೆ ಹೇಳುತ್ತಿದ್ದುದು ಇದನ್ನೇ. ಇಂಗ್ಲೆಂಡಿನವರು ಇನ್ನೂ ಮುಂದೆ ಹೋದರು. 1963ರ ಜಿಂಕೆ ಕಾಯಿದೆಯಲ್ಲಿ ಬಂದೂಕಿಗೆ ಎಡೆಯಿಟ್ಟು ಬಾಣವನ್ನು ನಿಷೇಧಿಸಿಬಿಟ್ಟರು. ನಾರ್ವೆಯಲ್ಲಿಯೂ ಬಿಲ್ಲುಬೇಟೆಗೆ ಅನುಮತಿಯಿಲ್ಲ. ಕೋವಿ ಹಿಡಿದು ದೊಡ್ಡ ಮೃಗದ ಬೇಟೆಗೆ ಹೊರಡುವವನು ಕೂಡ ಪ್ರತಿವರ್ಷ ಗುರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಉತ್ತರಗಳು ಬೇರೆಬೇರೆ, ಪ್ರಶ್ನೆ ಒಂದೇ. ಕೊಲ್ಲಬಹುದೆ ಎಂಬ ಪ್ರಶ್ನೆಯಲ್ಲ ಅದು. ನರಳಿಸಿ ಬಿಡುವ ಸಂಭವವಿರುವಾಗ ಬಿಲ್ಲೆತ್ತಬಹುದೆ ಎಂಬ ಪ್ರಶ್ನೆ.

ಇದು ಹೊರನಾಡಿನವರ ನಯನಾಜೂಕಿನ ಮಾತು, ನಮ್ಮದಲ್ಲ, ಎಂದು ವಾಚಕರು ತಿಳಿಯಬಾರದು. ಬಿಲ್ಲನ್ನು ನಂಬಿ ಬಾಳಿದ ಜನದ ಕಾವ್ಯಗಳು ನಮ್ಮವು. ತರಗತಿಯಲ್ಲಿ ಆದಿಪರ್ವದ ಕಥೆ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಬೇಟೆ ಅರಸನ ಧರ್ಮವೇ ಆಗಿದ್ದರೆ ಪಾಂಡುವಿಗೆ ಶಾಪವೇಕೆ ಬಂತು, ಸಾರ್? ಅವನ ಗುರಿ ತಪ್ಪಲಿಲ್ಲವಲ್ಲ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಕಿಂದಮನೆಂಬ ಋಷಿ ಜಿಂಕೆಯ ರೂಪದಲ್ಲಿ ತನ್ನ ಸಂಗಾತಿಯೊಡನೆ ಕೂಡಿದ್ದಾಗ ಪಾಂಡು ಐದು ಬಾಣಗಳನ್ನು ಬಿಟ್ಟ. ಎಲ್ಲವೂ ನಾಟಿದುವು. ಅರಸನು ತನ್ನ ಸಮರ್ಥನೆಗೆ ರಾಜಧರ್ಮವನ್ನೂ ಅಗಸ್ತ್ಯರ ನಿದರ್ಶನವನ್ನೂ ತರುತ್ತಾನೆ. ಸಾಯುತ್ತಿರುವ ಋಷಿ ಆ ವಾದವನ್ನು ಅಲ್ಲಗಳೆಯುವುದಿಲ್ಲವೆಂಬುದನ್ನು ಗಮನಿಸಬೇಕು. ಮೃಗವನ್ನು ಕೊಂದೆಯೆಂದು ಅವನ ದೂರಲ್ಲ. ಕಾಯಬೇಕಾದ ಹೊತ್ತಿನಲ್ಲಿ ಕಾಯಲಿಲ್ಲವೆಂದು ದೂರು. ಎಂದರೆ, ಬೇಟೆಯನ್ನು ಧರ್ಮವೆಂದು ಒಪ್ಪಿದ ಮೇಲೂ ಆ ಧರ್ಮದೊಳಗೆ ಸಲ್ಲುವ ಬಾಣ, ಸಲ್ಲದ ಬಾಣ ಎಂಬ ಭೇದ ಉಳಿದೇ ಇರುತ್ತದೆ. ಗುರಿ ತಪ್ಪಲಿಲ್ಲವೆಂಬುದು ಬಿಲ್ಲಿನ ವಿದ್ಯೆಗೆ ಸಂಬಂಧಪಟ್ಟದ್ದು. ಹೊತ್ತು ತಪ್ಪಿತೆಂಬುದು ಬಿಲ್ಲುಗಾರನಿಗೆ ಸಂಬಂಧಪಟ್ಟದ್ದು.

ದಶರಥನ ಕಥೆ ಇನ್ನೊಂದು ಬಗೆ. ಮಳೆಗಾಲದ ಕತ್ತಲೆ, ಸರಯೂ ನದಿಯ ದಡ. ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಆತ ಶಬ್ದವೇಧಿ ಬಾಣವನ್ನು ಬಿಟ್ಟ. ಕಾಣದುದನ್ನು ಹೊಡೆಯಬಲ್ಲೆನೆಂಬುದೇ ಅವನ ಹೆಮ್ಮೆಯಾಗಿತ್ತು. ಅದೇ ಅವನ ಅಪರಾಧವೂ ಆಯಿತು. ಕಿವಿಯನ್ನು ನಂಬಿದ ದಶರಥನಂತೆಯೇ ಅರೆಗಂಡುದನ್ನು ನಂಬಿದವನು ಜರನೆಂಬ ಬೇಡ. ಕಾಡಿನಲ್ಲಿ ಮಲಗಿದ್ದ ಕೃಷ್ಣನನ್ನು ಜಿಂಕೆಯೆಂದು ತಿಳಿದು ಅಂಗಾಲಿಗೆ ಹೊಡೆದ. ಒಂದು ಯುಗವೇ ಆ ಬಾಣದಿಂದ ಮುಗಿಯಿತೆಂದು ನಮ್ಮ ಹಿರಿಯರು ನಂಬಿದರು. ಪೂರ್ತಿ ಕಾಣದುದಕ್ಕೆ ಬಾಣ ಬಿಡಬಾರದೆಂಬ ಬೇಟೆಯ ಮೊದಲ ಪಾಠವನ್ನು ಇದಕ್ಕಿಂತ ಗಂಭೀರವಾಗಿ ಹೇಳುವುದು ಹೇಗೆ?

ಇಲ್ಲಿ ನಮ್ಮ ಕಾಯಿದೆಯ ಒಂದು ಸಂಗತಿ ನೆನಪಿಗೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಾಗ, ಪರವಾನಗಿ ಪಡೆದು ಬೇಟೆಯಾಡಲು ಇನ್ನೂ ಕೊಂಚ ಅವಕಾಶವಿತ್ತು. ಅಂತಹ ಬೇಟೆಗೆ ಹಾಕಿದ್ದ ಕಟ್ಟುಗಳಲ್ಲಿ ಎರಡು ಹೀಗಿದ್ದವು: ಇರುಳಿನಲ್ಲಿ ಬೇಟೆಯಾಡಕೂಡದು, ಮೃಗಗಳು ನೀರು ಕುಡಿಯುವ ತಾಣದಲ್ಲಿ ಬೇಟೆಯಾಡಕೂಡದು. ದಶರಥ ಮುರಿದದ್ದು ಈ ಎರಡನ್ನೇ! ಆದಿಕವಿಯ ಕಾವ್ಯವೂ ಪಾರ್ಲಿಮೆಂಟಿನ ಕಾಯಿದೆಯೂ ಒಂದೇ ನದಿಯ ದಡದಲ್ಲಿ ಬಂದು ನಿಂತಂತಾಯಿತು. 1991ರ ತಿದ್ದುಪಡಿಯಿಂದ ಆ ಪರವಾನಗಿಯ ಬೇಟೆಯೂ ಹೋಯಿತು. ಆದರೆ ಕಾಯಿದೆಯ ಇನ್ನೊಂದು ಮಾತು ಇಂದಿಗೂ ಉಳಿದಿದೆ, ಅದನ್ನು ನಾವು ಗಮನಿಸುವುದು ಕಡಮೆ: ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ ಬೇಟೆ, ಅದಕ್ಕೆ ಪ್ರಯತ್ನ ಮಾಡುವುದೂ ಬೇಟೆ. ಯಾರ ಲೆಕ್ಕಕ್ಕೂ ಸೇರದ ಆ ಕುಂಟುವ ಜಿಂಕೆಯನ್ನು ಕಾಯಿದೆಯಾದರೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತು.

ಬಿಟ್ಟ ಬಾಣಗಳ ಕಥೆಯಾಯಿತು. ಬಿಡದ ಬಾಣದ ಕಥೆಯೂ ಒಂದಿದೆ. ಅದನ್ನು ನಾವು ಸಾಕಷ್ಟು ಕೊಂಡಾಡಿಲ್ಲವೆಂದು ನನ್ನ ಭಾವನೆ. ರಾಮನು ಮರದ ಮರೆಯಲ್ಲಿ ನಿಂತು ವಾಲಿಯನ್ನು ಕೊಂದುದು ಸರಿಯೋ ತಪ್ಪೋ ಎಂಬ ಚರ್ಚೆ ಶತಮಾನಗಳಿಂದ ನಡೆದುಬಂದಿದೆ, ಮುಂದೆಯೂ ನಡೆಯುತ್ತದೆ. ಆದರೆ ಅದಕ್ಕೆ ಮೊದಲು ನಡೆದುದನ್ನು ನೆನೆಯಿರಿ. ರಾಮನ ಮಾತನ್ನು ನಂಬಿ ಸುಗ್ರೀವ ಅಣ್ಣನನ್ನು ಕಾಳಗಕ್ಕೆ ಕರೆದ. ಪೆಟ್ಟು ತಿಂದು, ನೆತ್ತರು ಸುರಿಸುತ್ತ ಓಡಿಬಂದ. ಕೊಟ್ಟ ಮಾತು ಏನಾಯಿತೆಂದು ರಾಮನನ್ನು ಮೂದಲಿಸಿದ. ರಾಮ ಬಾಣ ಬಿಟ್ಟಿರಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಒಂದೇ ಬಗೆಯಾಗಿ ಕಂಡುದರಿಂದ, ಎಲ್ಲಿ ಗೆಳೆಯನಿಗೆ ತಾಗುವುದೋ ಎಂದು ತಡೆದಿದ್ದ. ಆಮೇಲೆ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಗುರುತಿಗಾಗಿ ಕಟ್ಟಿಸಿದುದು. ಎಂತಹ ಗುರಿಕಾರ! ಏಳು ಸಾಲಮರಗಳನ್ನು ಒಂದೇ ಬಾಣದಿಂದ ಭೇದಿಸಿ ತೋರಿಸಿದವನು. ತನ್ನ ಕೈಯನ್ನು ಅನುಮಾನಿಸುವ ಕಾರಣವೇ ಇರಲಿಲ್ಲ. ಅವನು ಅನುಮಾನಿಸಿದುದು ತನ್ನ ಅರಿವನ್ನು. ಕೈ ಬಲ್ಲದಾದರೂ ಕಣ್ಣು ನಿಶ್ಚಯಿಸಲಿಲ್ಲ. ಆದುದರಿಂದ ಗೆಳೆಯನ ನಿಂದೆಯನ್ನೂ ಹೊತ್ತು ಬಾಣವನ್ನು ತಡೆದ. ಸಾಮರ್ಥ್ಯವಿದ್ದೂ ತಡೆದುದು ಹೇಡಿತನದಂತೆ ಕಾಣುವುದುಂಟು. ಆ ಅಪಖ್ಯಾತಿಯನ್ನು ಹೊರಬಲ್ಲವನೇ ಬಿಲ್ಲು ಹಿಡಿಯಲು ಅರ್ಹನೆಂದು ನಾನು ತಿಳಿಯುತ್ತೇನೆ.

ಬಿಡುವುದಕ್ಕೆ ಮುಂಚಿನ ಧರ್ಮ ಇದು. ಬಿಟ್ಟ ಮೇಲಿನ ಧರ್ಮ ಮತ್ತೊಂದು. ದಶರಥನನ್ನು ಬಯ್ಯುವ ನಾವು ಅವನು ಮುಂದೆ ಮಾಡಿದುದನ್ನು ಮರೆಯಬಾರದು. ಮನುಷ್ಯನ ನರಳುವ ಸದ್ದು ಕೇಳಿದೊಡನೆ ಅವನು ಕುದುರೆಯನ್ನು ಅರಮನೆಗೆ ತಿರುಗಿಸಲಿಲ್ಲ. ಕತ್ತಲೆಯಲ್ಲಿ ನಡೆದುಹೋಗಿ ಗಾಯಗೊಂಡವನ ಮುಂದೆ ನಿಂತ; ಅವನು ಬೇಡಿದಂತೆ ಬಾಣವನ್ನು ಕಿತ್ತ; ಅದೇ ಕೊಡದಲ್ಲಿ ನೀರು ತುಂಬಿಕೊಂಡು ಕುರುಡು ತಂದೆತಾಯಿಗಳ ಬಳಿಗೆ ಹೋಗಿ, ಕೊಂದವನು ನಾನು ಎಂದು ಹೇಳಿದ. ಶಾಪ ಬಂದುದು ಅಲ್ಲಿ, ಅವನು ತಾನಾಗಿ ನಡೆದುಹೋದ ಜಾಗದಲ್ಲಿ. ಬೇಟೆಯ ಭಾಷೆಯಲ್ಲಿ ಹೇಳುವುದಾದರೆ ಅವನು ನೆತ್ತರ ಜಾಡನ್ನು ಕೊನೆಯವರೆಗೂ ಹಿಡಿದುಹೋದ.

ಜಾಡು ಹಿಡಿಯುವುದು ಸುಲಭವಾದ ಕೆಲಸವಲ್ಲ. ಬಾಣ ತಾಗಿದ ಕೂಡಲೆ ಬೆನ್ನಟ್ಟಿದರೆ ಜಿಂಕೆ ಇದ್ದ ಬಲವನ್ನೆಲ್ಲ ಕೂಡಿಸಿಕೊಂಡು ದೂರ ಓಡಿ, ಸಿಗದ ಜಾಗದಲ್ಲಿ ಬಿದ್ದುಬಿಡುತ್ತದೆ. ಆದುದರಿಂದ ಬಲ್ಲವರು ಅರ್ಧ ಗಂಟೆಯಾದರೂ ಸದ್ದಿಲ್ಲದೆ ಕಾಯುತ್ತಾರೆ. ಹೊಟ್ಟೆಗೆ ತಾಗಿದ ಗುರುತಿದ್ದರೆ ಹಲವು ಗಂಟೆ ಕಾಯುತ್ತಾರೆ. ಎಲೆಯ ಮೇಲಿನ ನೆತ್ತರನ್ನು ಓದುತ್ತಾರೆ: ನೊರೆಗೂಡಿದ ತಿಳಿಗೆಂಪಾದರೆ ಶ್ವಾಸಕೋಶ, ಕಪ್ಪುಗೆಂಪಾದರೆ ಯಕೃತ್ತು, ಹಸಿರು ಬೆರೆತು ನಾರುತ್ತಿದ್ದರೆ ಕರುಳು. ನಾರ್ವೆಯಲ್ಲಿ ಜಿಂಕೆಯ ಬೇಟೆಗೆ ಹೋಗುವವನಿಗೆ, ಗಾಯಗೊಂಡ ಮೃಗವನ್ನು ಹುಡುಕಲು ಪಳಗಿದ ನಾಯಿಯ ನೆರವು ದೊರೆಯುವಂತಿರಬೇಕೆಂದು ನಿಯಮವೇ ಇದೆ. ಹುಡುಕುವ ಏರ್ಪಾಡಿಲ್ಲದವನು ಹೊಡೆಯುವಂತಿಲ್ಲ. ನಮ್ಮೂರ ಹಿರಿಯರ ಮಾತನ್ನು ಆ ನಾಡಿನವರು ಕಾಗದದ ಮೇಲೆ ಬರೆದುಕೊಂಡಿದ್ದಾರೆ, ಅಷ್ಟೇ.

ಕಿರಾತಾರ್ಜುನರ ಪ್ರಸಂಗ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಒಂದು ಹಂದಿಯ ಮೈಯಲ್ಲಿ ಎರಡು ಬಾಣ; ಹಂದಿ ನನ್ನದು, ಬಾಣ ನನ್ನದು ಎಂದು ಇಬ್ಬರ ಜಗಳ. ಆ ಜಗಳ ಕಾವ್ಯಗಳಿಗೆ ವಸ್ತುವಾಯಿತು. ಆದರೆ ಆ ಹಂದಿ ಬಿದ್ದಿರದೆ, ಎರಡು ಬಾಣಗಳನ್ನೂ ಹೊತ್ತು ಕಾಡಿನೊಳಕ್ಕೆ ಓಡಿಹೋಗಿದ್ದರೆ? ನನ್ನದು ನನ್ನದೆಂದು ಜಗಳವಾಡುವವರು ಎಷ್ಟು ಮಂದಿ ಸಿಗುತ್ತಿದ್ದರು? ಲೋಕದಲ್ಲಿ ಸತ್ತ ಮೃಗಕ್ಕೆ ಒಡೆಯರು ಇಬ್ಬರು. ಗಾಯಗೊಂಡ ಮೃಗಕ್ಕೆ ಒಬ್ಬನೂ ಇಲ್ಲ.

ಹಾಗೆ ಒಡೆಯನಿಲ್ಲದೆ ಉಳಿದ ಗಾಯ ಏನು ಮಾಡಬಲ್ಲುದೆಂಬುದಕ್ಕೆ ಚಂಪಾವತದ ಹುಲಿಯ ಕಥೆಯೇ ಸಾಕ್ಷಿ. 1907ರಲ್ಲಿ ಜಿಮ್ ಕಾರ್ಬೆಟ್ ಆ ಹೆಣ್ಣುಹುಲಿಯನ್ನು ಕೊಲ್ಲುವ ವೇಳೆಗೆ ಅದು 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಸತ್ತ ಮೇಲೆ ನೋಡಿದರೆ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು, ಹಳೆಯ ಗುಂಡೇಟಿನಿಂದ. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರನ್ನು ಹಿಡಿಯಿತು. ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಗಾಯಗೊಂಡ ಹುಲಿಯ ಬೆನ್ನು ಹಿಡಿದು ಹೋಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗಾಯಗೊಂಡ ಹುಲಿ ತಿರುಗಿ ಬಂದು ಲೆಕ್ಕ ಕೇಳುತ್ತದೆ. ಗಾಯಗೊಂಡ ಜಿಂಕೆ ಕೇಳುವುದಿಲ್ಲ. ಹುಲಿಯ ಹಿಂದೆ ಹೋಗುವವನಿಗೆ ಭಯವಾದರೂ ಪ್ರೇರಣೆಯಾಗಬಹುದು. ಜಿಂಕೆಯ ಹಿಂದೆ ಹೋಗುವವನಿಗೆ ಪ್ರೇರಣೆ ಅವನ ಅಂತಸ್ಸಾಕ್ಷಿಯೊಂದೇ. ಅಮೆರಿಕದ ಅರಣ್ಯಚಿಂತಕ ಆಲ್ಡೊ ಲಿಯೊಪೋಲ್ಡ್, ತಾನೇ ಬಿಲ್ಲು ಹಿಡಿದು ಬೇಟೆಯಾಡುತ್ತಿದ್ದವನು, ಬೇಟೆಗಾರನಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕರಾಗಲಿ ಛೀ ಎನ್ನುವ ಪ್ರೇಕ್ಷಕರಾಗಲಿ ಇರುವುದಿಲ್ಲವೆಂದು ಬರೆದ. ಯಾರೂ ನೋಡದಿರುವ ಕಡೆ ಮನುಷ್ಯ ಏನು ಮಾಡುತ್ತಾನೆಂಬುದೇ ಅವನ ನೀತಿ. ಜಿಂಕೆಯ ನೆತ್ತರ ಜಾಡು ಆ ನೀತಿಯ ಪರೀಕ್ಷೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ‘ಕೊಲೆ ತಪ್ಪಾದ ಮೇಲೆ ಅಚ್ಚುಕಟ್ಟಾದ ಕೊಲೆ, ಅಚ್ಚುಕಟ್ಟಿಲ್ಲದ ಕೊಲೆ ಎಂದು ವಿಂಗಡಿಸುವುದು ಕೊಲೆಗೆ ಮರ್ಯಾದೆ ಕೊಟ್ಟಂತಲ್ಲವೆ?’ ಈ ಆಕ್ಷೇಪಕ್ಕೆ ಕನ್ನಡದಲ್ಲಿ ದೊಡ್ಡ ಬೆಂಬಲವಿದೆ. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯೊಂದನ್ನು ಬಲಿಕೊಡುತ್ತಾನೆ. ಅಲ್ಲಿ ಜೀವ ಹೋಗಲಿಲ್ಲ. ಸಂಕಲ್ಪ ಮಾತ್ರ ಇತ್ತು. ಅಷ್ಟಕ್ಕೇ ತಾಯಿಮಕ್ಕಳಿಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ಅಲೆಯಬೇಕಾಯಿತು. ಸಂಕಲ್ಪವೇ ಹಿಂಸೆಯಾದರೆ ಬಾಣ ಎದೆಗೆ ತಾಗಿದರೇನು, ಹೊಟ್ಟೆಗೆ ತಾಗಿದರೇನು?

ಈ ವಾದದ ಎತ್ತರಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇದರಲ್ಲಿ ಒಂದು ಅಪಾಯವನ್ನೂ ಕಾಣುತ್ತೇನೆ. ಸಂಕಲ್ಪವನ್ನಷ್ಟೇ ತೂಗುವ ತಕ್ಕಡಿಯಲ್ಲಿ ನೋವಿಗೆ ತೂಕವಿಲ್ಲ. ಹಿಂಸೆ ಮಾಡಿದವನ ಆತ್ಮದ ಗತಿಯನ್ನು ಅದು ಲೆಕ್ಕ ಹಾಕುತ್ತದೆ. ಹಿಂಸೆಗೆ ಒಳಗಾದ ಜೀವ ಪೊದೆಯಲ್ಲಿ ಕಳೆದ ಇರುಳನ್ನು ಲೆಕ್ಕ ಹಾಕುವುದಿಲ್ಲ. ಜಿಂಕೆಗೆ ನಮ್ಮ ಸಂಕಲ್ಪದ ಶುದ್ಧಿ ಅಶುದ್ಧಿಗಳಿಂದ ಆಗಬೇಕಾದುದೇನೂ ಇಲ್ಲ. ಒಂದು ಗೇಣಿನಿಂದ ಆಗಬೇಕಾದುದು ಬಹಳ. ಎಲ್ಲ ಕೊಲೆಯೂ ಒಂದೇ ಎನ್ನುವವನು ಶುದ್ಧನಿರಬಹುದು. ಆದರೆ ಅದೇ ಮಾತನ್ನು ಕ್ರೂರಿಯೂ ತನ್ನ ಅನುಕೂಲಕ್ಕೆ ಆಡುತ್ತಾನೆ. ಹೇಗಿದ್ದರೂ ಸಾಯುವುದಷ್ಟೆ, ಹೇಗೆ ಸತ್ತರೇನು ಎಂಬುದು ಅವನ ಭಾಷ್ಯ. ಅಳೆಯಲೊಲ್ಲದ ಶುದ್ಧಿಯೂ ಅಳೆಯಲೊಲ್ಲದ ಕ್ರೌರ್ಯವೂ ಈ ಒಂದು ಜಾಗದಲ್ಲಿ ಕೈಕೈ ಹಿಡಿದುಬಿಡುತ್ತವೆ.

ಮೇಲಾಗಿ, ಅಳೆಯುವುದರಿಂದ ಬೇಟೆ ಬೆಳೆಯುತ್ತದೆಂಬ ಹೆದರಿಕೆಯೂ ಸರಿಯಲ್ಲ. ಬೆಳಕು ಸಾಲದು, ದೂರ ಹೆಚ್ಚು, ಮೃಗ ಓರೆಯಾಗಿ ನಿಂತಿಲ್ಲ, ನಾಳೆ ಜಾಡು ಹಿಡಿಯಲು ಬಿಡುವಿಲ್ಲ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕುವವನು ಹತ್ತು ಸಲ ಬಿಲ್ಲೆತ್ತಿ ಒಂಬತ್ತು ಸಲ ಇಳಿಸುತ್ತಾನೆ. ಹತ್ತನೆಯ ಸಲವೂ ಇಳಿಸಿದರೆ ಅವನು ಅಹಿಂಸೆಗೆ ಬಂದು ಮುಟ್ಟಿದನೆಂದೇ ಅರ್ಥ. ಶಾಸ್ತ್ರದ ದಾರಿಯಿಂದಲ್ಲ, ಬಿಲ್ಲಿನ ದಾರಿಯಿಂದ. ನಾನು ಬಿಲ್ಲು ಹಿಡಿದವನಲ್ಲ, ಹಿಡಿಯುವವನೂ ಅಲ್ಲ. ನಮ್ಮ ನಾಡಿನ ಕಾಯಿದೆ ಬೇಟೆಯನ್ನು ನಿಲ್ಲಿಸಿದುದು ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಆ ಒಂಬತ್ತು ಸಲದ ಸಂಯಮಕ್ಕೆ ನನ್ನ ಗೌರವವುಂಟು.

ಬೇಟೆ ನಿಂತಮೇಲೆ ಈ ವಿಚಾರವೆಲ್ಲ ಹಳೆಯ ಕಥೆಯಲ್ಲವೆ ಎಂದರೆ, ಅಲ್ಲ. ಬಿಲ್ಲು ಹೋಯಿತು, ಉರುಳು ಉಳಿಯಿತು. ಮೋಟಾರುಸೈಕಲ್ಲಿನ ತಂತಿಯನ್ನು ಕುಣಿಕೆ ಮಾಡಿ ಬೇಲಿಯ ಕಂಡಿಯಲ್ಲಿ ಕಟ್ಟುತ್ತಾರೆ. ಸಿಡಿಮದ್ದನ್ನು ತಿನಿಸಿನಲ್ಲಿ ಹುದುಗಿಸಿ ಹಂದಿ ಬರುವ ದಾರಿಯಲ್ಲಿ ಇಡುತ್ತಾರೆ. ಕಾಡಂಚಿನ ರೈತನ ಕಷ್ಟ ನನಗೆ ಗೊತ್ತಿಲ್ಲದುದಲ್ಲ. ದಾವಣಗೆರೆ ಸೀಮೆಯೆಂದರೆ ಮೆಕ್ಕೆಜೋಳದ ಸೀಮೆ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಯ ಹಿಂಡು ಒಂದೇ ಇರುಳಿನಲ್ಲಿ ಹೊಲವನ್ನು ಉತ್ತಂತೆ ಮಾಡಿಹೋಗುತ್ತದೆ. ಸಾಲ ಮಾಡಿ ಬಿತ್ತಿದವನಿಗೆ ಪಟ್ಟಣದಲ್ಲಿ ಕುಳಿತವರು ಅಹಿಂಸೆಯ ಪಾಠ ಹೇಳುವುದು ಸುಲಭ, ಅದು ನ್ಯಾಯವಲ್ಲ. ಅವನ ಬೆಳೆಗೆ ಕಾವಲೂ ನಷ್ಟಕ್ಕೆ ತಕ್ಕ ಪರಿಹಾರವೂ ಹೊತ್ತಿಗೆ ಸರಿಯಾಗಿ ದೊರೆಯಬೇಕು. ಅದು ಸಮಾಜದ ಋಣ.

ಆದರೂ ಉರುಳಿನ ವಿಷಯದಲ್ಲಿ ಸುಮ್ಮನಿರಲಾಗದು. ಉರುಳೆಂದರೇನು? ಯಾವಾಗಲೂ ಬಿಡುತ್ತಲೇ ಇರುವ ಬಾಣ. ಅದಕ್ಕೆ ಕಣ್ಣಿಲ್ಲ, ಹೊತ್ತಿಲ್ಲ. ಹಂದಿಯೋ ಚಿರತೆಯೋ, ಬಸುರಿಯೋ ಮರಿಯೋ, ನೆರೆಮನೆಯ ನಾಯಿಯೋ ಅದಕ್ಕೆ ಗೊತ್ತಿಲ್ಲ. ನಮ್ಮ ಜಿಲ್ಲೆಯ ಜಗಳೂರಿನಲ್ಲಿ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಅಭಯಾರಣ್ಯವೆಂದು ಸಾರಿದುದು ಕೊಂಡುಕುರಿಗಾಗಿ, ನಾಲ್ಕು ಕೊಂಬಿನ, ಒಂಟಿಯಾಗಿ ಬಾಳುವ, ನಾಚಿಕೆಯ ಪ್ರಾಣಿಗಾಗಿ. ಆ ಕಾಡಿನ ಅಂಚಿನಲ್ಲಿ ಯಾರಾದರೂ ಉರುಳು ಕಟ್ಟಿದರೆ ಆ ತಂತಿಗೆ ಸರ್ಕಾರದ ಘೋಷಣೆ ಓದಲು ಬರುತ್ತದೆಯೆ? ರಾಮನು ಬಾಣ ತಡೆದುದು ಇಬ್ಬರನ್ನು ಬೇರ್ಪಡಿಸಿ ನೋಡಲಾಗಲಿಲ್ಲವೆಂದು. ಉರುಳು ಕಟ್ಟುವವನು ಬೇರ್ಪಡಿಸಿ ನೋಡುವ ಕೆಲಸವನ್ನೇ ಬಿಟ್ಟುಕೊಟ್ಟವನು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ಸಿಡಿಮದ್ದಿದ್ದ ತಿನಿಸನ್ನು ಕಚ್ಚಿ ಬಾಯಿ ಸಿಡಿದ ಬಸುರಿ ಆನೆಯೊಂದು ನೋವಿನ ಉರಿಯನ್ನು ತಣಿಸಿಕೊಳ್ಳಲು ಹೊಳೆಗಿಳಿದು, ಸೊಂಡಿಲನ್ನೂ ಬಾಯನ್ನೂ ನೀರಿನಲ್ಲಿ ಮುಳುಗಿಸಿ ನಿಂತು, ನಿಂತಲ್ಲಿಯೇ ಸತ್ತಿತು. ದೇಶಕ್ಕೆ ದೇಶವೇ ಮರುಗಿತು. ಆ ಮದ್ದನ್ನು ಇಟ್ಟ ಹೊತ್ತಿನಲ್ಲಿ ಯಾರ ಮನಸ್ಸಿನಲ್ಲಿಯೂ ಆನೆ ಇದ್ದಿರಲಿಕ್ಕಿಲ್ಲ. ದಶರಥನ ಮನಸ್ಸಿನಲ್ಲಿ ಇದ್ದುದು ಆನೆ, ಸತ್ತುದು ಹುಡುಗ. ಇಲ್ಲಿ ಸತ್ತುದು ಆನೆ. ನೋಡದೆ ಬಿಟ್ಟ ಬಾಣದ ಕಥೆ ಮಾತ್ರ ಅದೇ.

ಪಟ್ಟಣದ ವಾಚಕರು, ನಮ್ಮಲ್ಲಿ ಬಿಲ್ಲೂ ಇಲ್ಲ ಉರುಳೂ ಇಲ್ಲ ಎಂದು ಸಮಾಧಾನಪಡಬಹುದು. ಆದರೆ ದೂರದಿಂದ ತಾಗುವ, ತಾಗಿದುದು ಬಿಟ್ಟವನಿಗೆ ಕಾಣಿಸದ ಆಯುಧಗಳು ಪಟ್ಟಣದಲ್ಲಿಯೇ ಹೆಚ್ಚು. ಕಚೇರಿಯ ಮೇಜಿನ ಮೇಲೆ ಹಾಕಿದ ಒಂದು ಸಹಿ, ವಿಚಾರಿಸದೆ ಇನ್ನೊಬ್ಬರಿಗೆ ದಾಟಿಸಿದ ಒಂದು ಸುದ್ದಿ, ನೆರೆದವರನ್ನು ನಗಿಸಲೆಂದು ಆಡಿದ ಒಂದು ಮಾತು. ಇವು ಯಾರನ್ನೂ ಕೊಲ್ಲುವುದಿಲ್ಲ. ಗಾಯವಾದವನು ಎದ್ದು ಬಂದು ನಮ್ಮೆದುರು ಬೀಳುವುದೂ ಇಲ್ಲ. ತನ್ನ ಪೊದೆಗೆ ತಾನು ಹೋಗುತ್ತಾನೆ. ಗುರಿ ತಾಗಿತೆಂಬ ಸಂತೋಷದಲ್ಲಿ ನಾವು ಮನೆಗೆ ಹೋಗುತ್ತೇವೆ.

ನಮ್ಮ ನೀತಿಯ ಚರ್ಚೆಗಳೆಲ್ಲ ಕೊಲ್ಲುವುದು, ಕೊಲ್ಲದಿರುವುದು ಎಂಬ ಎರಡು ಕಂಬಗಳ ನಡುವೆ ಕಟ್ಟಿದ ತೊಟ್ಟಿಲು. ಬಾಳಿನಲ್ಲಿ ನಡೆಯುವ ಹಿಂಸೆಯ ಬಹುಪಾಲು ಈ ಎರಡರ ಲೆಕ್ಕಕ್ಕೂ ಬರುವುದಿಲ್ಲ. ಅದು ಗಾಯಗೊಳಿಸಿ ಬಿಟ್ಟುಬಿಡುವ ಹಿಂಸೆ. ಅದಕ್ಕೆ ಇರುವ ಮದ್ದು ಎರಡೇ. ಪೂರ್ತಿ ಕಾಣುವವರೆಗೆ ಕೈ ತಡೆಯುವುದು ಒಂದು. ತಡೆಯದೆ ಬಿಟ್ಟದ್ದಾದರೆ, ಕತ್ತಲಾದರೂ ಸರಿ, ಶಾಪವೇ ಕಾದಿದ್ದರೂ ಸರಿ, ನೆತ್ತರ ಜಾಡನ್ನು ಹಿಡಿದು ಕೊನೆಯವರೆಗೆ ನಡೆಯುವುದು ಇನ್ನೊಂದು. ಎರಡರಲ್ಲಿ ಮೊದಲನೆಯದು ಅಗ್ಗ. ಬಿಡದ ಬಾಣವನ್ನು ಬತ್ತಳಿಕೆಗೆ ಮರಳಿ ಹಾಕಬಹುದು. ಬಿಟ್ಟ ಬಾಣದ ಹಿಂದೆ ಮಾತ್ರ ಬಿಲ್ಲುಗಾರನೇ ನಡೆಯಬೇಕು.